ಟವರ್ ಇಲ್ಲದ ಊರುಗಳಿಗೆ ಫೋನಿಂದ ಫೋನಿಗೆ ಬಾನುಲಿ: ಆಗತ್ತಾ, ಆಗಲ್ವಾ?

ಬೇಲಿಯಾಚೆ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸುಮಾರು ದಿನದಿಂದ ಇಲ್ಲಿ ಬರೀ ಓದ್ತಾ ಇದ್ದೆ, ಇವತ್ತು ಕೇಳೋ ಸರದಿ ನಂದು.

ವಿಷಯ ಇಷ್ಟು. ಗುಡ್ಡದ ಮಗ್ಗುಲಲ್ಲಿ ಐದು ಸಣ್ಣ ಊರು. ಒಂದರಿಂದ ಇನ್ನೊಂದಕ್ಕೆ ಒಂದೂವರೆಯಿಂದ ಮೂರು ಕಿಲೋಮೀಟರ್. ಸಿಗ್ನಲ್ ಸಿಗೋದು ದಿಬ್ಬದ ಮೇಲೆ ಒಂದೇ ಕಡೆ, ಅದೂ ಅದಕ್ಕೆ ಮನಸ್ಸು ಬಂದಾಗ. ಆದರೆ ಫೋನ್ ಇಲ್ಲದ ಮನೆ ಇಲ್ಲ. ನಾವು ಏಳೆಂಟು ಜನ ಸೇರಿ ವಾರಕ್ಕೆ ಅರ್ಧ ಗಂಟೆಯ ಧ್ವನಿ ಕಾರ್ಯಕ್ರಮ ಮಾಡ್ತೀವಿ. ನೀರು ಯಾವತ್ತು ಬಿಡ್ತಾರೆ, ಯಾರ ಕರು ಕಳೆದಿದೆ, ಲಸಿಕೆಯವರು ಯಾವಾಗ ಬರ್ತಾರೆ, ನಡುವೆ ಹಿರಿಯರ ಮಾತು, ಒಂದೆರಡು ಹಾಡು. ಸದ್ಯಕ್ಕೆ ಒಂದು ಸ್ಪೀಕರಿಗೆ ಹಾಕಿ ಒಂದೇ ಊರಲ್ಲಿ ಕೇಳಿಸ್ತಿದ್ದೀವಿ.

ನನ್ನ ಕನಸು: ಫೋನುಗಳೇ ವೈಫೈನಲ್ಲಿ ಒಂದರ ಕೈ ಒಂದು ಹಿಡ್ಕೊಂಡು, ಟವರ್ ಇಲ್ಲದೆ, ಇಂಟರ್ನೆಟ್ ಇಲ್ಲದೆ, ಐದೂ ಊರಿಗೆ ಒಂದೇ ಹೊತ್ತಿಗೆ ನೇರಪ್ರಸಾರ. ಇದಕ್ಕೇ ಅಡ್‌ಹಾಕ್ ನೆಟ್‌ವರ್ಕ್, ಮೆಶ್ ಅಂತೆಲ್ಲ ಅಂತಾರೆ ಅಂತ ಓದಿದ್ದೀನಿ. ಎಲ್ಲ ಊರು ಸೇರಿ ಇನ್ನೂರು ಫೋನ್ ಇರಬಹುದು. ಯಾವ ಆ್ಯಪ್ ಹಾಕಬೇಕು ಹೇಳಿ, ಉಳಿದಿದ್ದು ನಾನು ನೋಡ್ಕೋತೀನಿ.

ತಂತಿಕಂಬ · ಭಾನುವಾರ ರಾತ್ರಿ 10:25

ಉಳಿದಿದ್ದು ನೋಡ್ಕೋತೀನಿ ಅಂದ್ರಲ್ಲ ಸರ್, ಆ ಉಳಿದಿದ್ದರಲ್ಲೇ ಎಲ್ಲ ಇರೋದು.

ಮೊದಲು ದೂರದ ಮಾತು. ಫೋನಿನ ವೈಫೈ ಬಯಲಲ್ಲಿ, ಎದುರೆದುರು ಕಾಣೋ ಹಾಗಿದ್ರೆ ನೂರು ಮೀಟರ್ ಹತ್ತಿರ ಹೋದೀತು. ನಡುವೆ ಗೋಡೆ, ಮರ ಬಂದ್ರೆ ಮೂವತ್ತು ನಲವತ್ತಕ್ಕೇ ಉಸಿರು ನಿಲ್ಲತ್ತೆ. ಎರಡು ಊರಿನ ನಡುವೆ ಎರಡು ಕಿಲೋಮೀಟರ್ ಅಂದ್ಕೊಳ್ಳಿ. ನೂರು ಮೀಟರಿಗೊಬ್ಬ ಅಂದ್ರೂ ಇಪ್ಪತ್ತು ಜನ ಫೋನ್ ಹಿಡ್ಕೊಂಡು ದಾರೀಲಿ ಸಾಲಾಗಿ ನಿಲ್ಲಬೇಕು. ಕಾರ್ಯಕ್ರಮ ಮುಗಿಯೋ ತನಕ. ನಿಮ್ಮ ಇನ್ನೂರು ಫೋನೂ ಮನೆಗಳ ಒಳಗೆ ಗುಂಪಾಗಿ ಇರತ್ತೆ, ದಾರಿ ಖಾಲಿ.

2014ರಲ್ಲಿ ಹಾಂಗ್‌ಕಾಂಗ್ ಪ್ರತಿಭಟನೆ ಹೊತ್ತಿಗೆ ಫೈರ್‌ಚಾಟ್ ಅನ್ನೋ ಆ್ಯಪ್ ಹೆಸರು ಎಲ್ಲೆಲ್ಲೂ ಕೇಳಿಬಂತು. ಫೋನಿಂದ ಫೋನಿಗೆ ಸಂದೇಶ ದಾಟಿಸೋ ಆ್ಯಪ್. ಅದರ ಗುಟ್ಟು ಜನಸಂದಣಿ. ಒಂದು ರಸ್ತೇಲಿ ಸಾವಿರಾರು ಜನ ಭುಜಕ್ಕೆ ಭುಜ ತಾಗಿಸಿ ನಿಂತಾಗ ಮೆಶ್ ತಾನಾಗಿ ಹುಟ್ಟತ್ತೆ. ಹಳ್ಳಿ ಅದಕ್ಕೆ ತದ್ವಿರುದ್ಧ.

ಎರಡನೇದು, ನೀವು ಓದಿರೋ ಅಡ್‌ಹಾಕ್ ಮೋಡ್ ಆಂಡ್ರಾಯ್ಡ್‌ನಲ್ಲಿ ಬಳಕೆದಾರರ ಕೈಗೆ ಕೊಟ್ಟೇ ಇಲ್ಲ. ಫೋನನ್ನ ರೂಟ್ ಮಾಡಿದ್ರೆ, ಅಂದ್ರೆ ಕಂಪನಿ ಹಾಕಿರೋ ಬೀಗ ಒಡೆದು ಒಳಗಿನ ಪೂರ್ತಿ ಹಿಡಿತ ತಗೊಂಡ್ರೆ ಮಾತ್ರ. ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಪಾಲ್ ಗಾರ್ಡ್ನರ್-ಸ್ಟೀಫನ್, 2010ರ ಹೈಟಿ ಭೂಕಂಪ ನೋಡಿ ಸರ್ವಲ್ ಯೋಜನೆ ಶುರು ಮಾಡಿದ್ರು. ಟವರ್ ಬಿದ್ದುಹೋದ್ರೂ ಫೋನುಗಳು ತಮ್ಮತಮ್ಮಲ್ಲೇ ಮಾತಾಡಬೇಕು ಅನ್ನೋದು ಆಸೆ. ನಿಮ್ಮ ಕನಸಿಗೆ ತೀರ ಹತ್ತಿರದ್ದು ಅದೇ. ಅವರಿಗೂ ಇದೇ ರೂಟ್ ಗೋಡೆ ಅಡ್ಡ ಬಂತು, ಕೊನೆಗೆ ಫೋನಿನ ಜೊತೆಗೆ ಬೇರೆ ಒಂದು ಪೆಟ್ಟಿಗೆಯನ್ನೇ ಮಾಡಬೇಕಾಯ್ತು. ಇನ್ನೂರು ಜನರ ಫೋನ್ ರೂಟ್ ಮಾಡ್ತೀರಾ? ಒಂದು ಕೆಟ್ಟರೂ ಊರಲ್ಲಿ ತಲೆ ಎತ್ತೋ ಹಾಗಿಲ್ಲ.

ಕಟ್ಟೆಪುರಾಣ · ಭಾನುವಾರ ರಾತ್ರಿ 10:31

ಸುಮ್ನೆ ಫೈಲ್ ಮಾಡಿ ಬ್ಲೂಟೂತಲ್ಲಿ ಕಳ್ಸಿದ್ರೆ ಆಗಲ್ವಾ ಗುರೂ? ಇಷ್ಟೆಲ್ಲಾ ಯಾಕೆ.

ಬೇಲಿಯಾಚೆ · ಭಾನುವಾರ ರಾತ್ರಿ 10:50

ಅಣ್ಣಾ, ಅದು ಫೈಲ್ ಹಂಚೋದು, ಪ್ರಸಾರ ಅಲ್ಲ. ನನಗೆ ಬೇಕಿರೋದು ರೇಡಿಯೋ. ಒಬ್ಬರು ಮಾತಾಡಿದ್ದು ಆ ಕ್ಷಣಕ್ಕೇ ಎಲ್ಲರಿಗೂ ಕೇಳಬೇಕು.

ತಂತಿಕಂಬ ಸರ್, ಒಪ್ತೀನಿ. ಆದರೆ ಕೊನೇಪಕ್ಷ ಒಂದೊಂದು ಊರೊಳಗಾದ್ರೂ? ಮನೆಗಳು ಒತ್ತೊತ್ತಾಗಿವೆ.

ಹಳೇ ಟ್ರಾನ್ಸಿಸ್ಟರ್ · ಸೋಮವಾರ ಬೆಳಗ್ಗೆ 6:15

ಬೆಳಗಿನ ಜಾವ ಎದ್ದು ಓದಿದೆ. ಸಮುದಾಯ ಬಾನುಲಿಯ ಜೊತೆ ಬಹಳ ವರ್ಷ ಓಡಾಡಿದವನಾಗಿ ಒಂದೆರಡು ಮಾತು.

ರೇಡಿಯೋ ಅಲೆಗೆ ಕೇಳುಗರ ಲೆಕ್ಕವಿಲ್ಲ. ಹತ್ತು ಜನ ಕೇಳಿದರೂ ಹತ್ತು ಸಾವಿರ ಜನ ಕೇಳಿದರೂ ಪ್ರೇಷಕಕ್ಕೆ ಬೀಳುವ ಭಾರ ಒಂದೇ. ಫೋನಿಂದ ಫೋನಿಗೆ ಹೋಗುವ ಜಾಲದಲ್ಲಿ ಹಾಗಲ್ಲ, ಕೇಳುವ ಪ್ರತಿಯೊಬ್ಬನೂ ಮುಂದಿನವನಿಗಾಗಿ ದುಡಿಯಬೇಕು. ಹಾಗಾಗಿ ‘ರೇಡಿಯೋದಂತೆ’ ಎಂಬ ಹೋಲಿಕೆಯೇ ನಿಮ್ಮನ್ನು ದಾರಿ ತಪ್ಪಿಸುತ್ತಿದೆ.

ಭಾರತದಲ್ಲಿ 1995ರಲ್ಲೇ ಸುಪ್ರೀಂ ಕೋರ್ಟು ಬಾನಲೆಗಳು ಸಾರ್ವಜನಿಕ ಸ್ವತ್ತು ಎಂದು ಹೇಳಿತು. ಆದರೂ ಊರಿನ ಸಂಘಸಂಸ್ಥೆಗಳಿಗೆ ಬಾನುಲಿಯ ಬಾಗಿಲು ತೆರೆದದ್ದು 2006ರ ನೀತಿಯಲ್ಲಿ. ಆ ನಡುವಿನ ವರ್ಷಗಳಲ್ಲಿ ಜನ ಸುಮ್ಮನೆ ಕೂರಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ಯವರು ಟಿವಿ ಕೇಬಲ್ಲಿನಲ್ಲೇ ಧ್ವನಿಯನ್ನು ಮನೆಮನೆಗೆ ಹರಿಸಿದರು. ಅಲೆ ಕೊಡದಿದ್ದರೆ ತಂತಿ! 2008ರಲ್ಲಿ ಈಗಿನ ತೆಲಂಗಾಣದ ಪಸ್ತಾಪುರದ ಹತ್ತಿರ ದಲಿತ ಹೆಣ್ಣುಮಕ್ಕಳ ‘ಸಂಘಂ ರೇಡಿಯೋ’ ಪರವಾನಗಿ ಪಡೆದು ಎಫ್‌ಎಂನಲ್ಲೇ ಶುರುವಾಯಿತು. ಅದೇ ಆಸುಪಾಸಿನ ವರ್ಷ, 2010ರಲ್ಲಿ, ಛತ್ತೀಸ್‌ಗಢದಲ್ಲಿ ಶುಭ್ರಾಂಶು ಚೌಧರಿಯವರು ‘ಸಿಜಿನೆಟ್ ಸ್ವರ’ ಆರಂಭಿಸಿದರು. ಸಾಮಾನ್ಯ ಫೋನಿನಿಂದ ಕರೆ ಮಾಡಿ ನಿಮ್ಮ ಸುದ್ದಿ ದಾಖಲಿಸಿ, ಬೇರೆಯವರದನ್ನು ಕೇಳಿ. ಕರೆಯೂ ಹೋಗದ ಕಾಡಿನ ಊರುಗಳಿಗಾಗಿ ಅವರೇ ಮುಂದೆ ‘ಬುಲ್ಟೂ ರೇಡಿಯೋ’ ಕಟ್ಟಿದರು. ಬ್ಲೂಟೂತ್ ಎಂಬುದು ಅಲ್ಲಿಯ ಬಾಯಲ್ಲಿ ಬುಲ್ಟೂ. ಫೋನಿನಲ್ಲಿ ದಾಖಲಿಸಿದ್ದನ್ನು ಬ್ಲೂಟೂತಿನಲ್ಲಿ ಒಬ್ಬರಿಗೆ ದಾಟಿಸುವುದು, ಅವರು ಇಂಟರ್ನೆಟ್ ಇರುವ ಕಡೆ ಹೋಗಿ ಏರಿಸುವುದು, ಅಲ್ಲಿಂದ ತಯಾರಾದ ಕಾರ್ಯಕ್ರಮ ಅದೇ ದಾರಿಯಲ್ಲಿ ವಾಪಸ್ ಬರುವುದು.

ಕಟ್ಟೆಪುರಾಣ ಅವರು ತಮಾಷೆಗೆ ಹೇಳಿದ್ದೋ ನಿಜಕ್ಕೋ ತಿಳಿಯದು. ಅವರು ಹೇಳಿದ್ದನ್ನು ಮಾಡಿ ತೋರಿಸಿದವರಿದ್ದಾರೆ.

ಕಟ್ಟೆಪುರಾಣ · ಸೋಮವಾರ ಬೆಳಗ್ಗೆ 8:02

ನಿಜಕ್ಕೇ ಹೇಳಿದ್ದು ಸಾರ್ 😌

ಎಣಿಕೆಗಾರ · ಸೋಮವಾರ ಮಧ್ಯಾಹ್ನ 1:10

ಬೇಲಿಯಾಚೆ ಅವರು ಊರೊಳಗಿನ ನೇರಪ್ರಸಾರ ಕೇಳಿದ್ರಲ್ಲ, ಅದಕ್ಕೆ ಮೊದಲು ಉತ್ತರ.

ಒಂದು ಫೋನ್ ಹಾಟ್‌ಸ್ಪಾಟ್ ಮಾಡಿದ್ರೆ ಸಾಮಾನ್ಯವಾಗಿ ಎಂಟು ಹತ್ತು ಫೋನ್ ಸೇರಬಹುದು, ಅಲ್ಲಿಗೆ ಬಾಗಿಲು ಮುಚ್ಚತ್ತೆ. ಎಲ್ಲರಿಗೂ ಒಂದೇ ಸಲ ಕಳಿಸೋಣ ಅಂತ ಮಲ್ಟಿಕಾಸ್ಟ್‌ಗೆ ಹೋದ್ರೆ ಬೇರೆ ತೊಂದರೆ. ಒಬ್ಬರಿಗೆ ಕಳಿಸೋವಾಗ ‘ಬಂತು’ ಅಂತ ಮರುಉತ್ತರ ಬರತ್ತೆ, ಬರದಿದ್ರೆ ಇನ್ನೊಮ್ಮೆ ಕಳಿಸತ್ತೆ. ಎಲ್ಲರಿಗೂ ಕಳಿಸಿದ್ದಕ್ಕೆ ಆ ಮರುಉತ್ತರ ಇಲ್ಲ. ಬಿದ್ದದ್ದು ಬಿತ್ತು. ಮೇಲಾಗಿ ಅದು ಹೋಗೋದು ಅತಿ ಕಡಿಮೆ ವೇಗದಲ್ಲಿ. ಪರದೆ ಆರಿದ ಫೋನ್ ಬ್ಯಾಟರಿ ಉಳಿಸೋಕೆ ಮಲ್ಟಿಕಾಸ್ಟ್‌ಗೆ ಕಿವಿ ಮುಚ್ಕೊಳತ್ತೆ, ಆ್ಯಪ್ ಬರೆಯೋರು ಅದನ್ನ ಬೇಕಂತಲೇ ಎಬ್ಬಿಸಬೇಕು. ಮಾತು ಹರಿದುಹರಿದು ಬರತ್ತೆ.

ಸರಪಳಿ ಕಟ್ಟಿದ್ರೆ ಇನ್ನೂ ಕಷ್ಟ. ಒಂದೇ ಚಾನೆಲ್ಲಿನಲ್ಲಿ ಫೋನು ಕೇಳೋವಾಗ ಹೇಳೋ ಹಾಗಿಲ್ಲ, ಹೇಳೋವಾಗ ಕೇಳೋ ಹಾಗಿಲ್ಲ. ಪಕ್ಕದವನೂ ಆಗ ಸುಮ್ಮನಿರಬೇಕು. ನಡುವೆ ದಾಟಿಸೋ ಫೋನ್ ಒಂದು ಬಂದ್ರೇ ವೇಗ ಅರ್ಧ, ಎರಡು ಬಂದ್ರೆ ಮೂರರಲ್ಲಿ ಒಂದು, ಮೂರು ಬಂದ್ರೆ ನಾಲ್ಕರಲ್ಲಿ ಒಂದು.

ಇನ್ನೊಂದು, ಯಾರೂ ಹೇಳದ ಕಿರಿಕಿರಿ: ನೇರಪ್ರಸಾರ ಎಲ್ಲ ಫೋನಿಗೂ ಒಂದೇ ಹೊತ್ತಿಗೆ ತಲುಪಲ್ಲ. ಪಕ್ಕದ ಮನೆ ಫೋನು ಅರ್ಧ ಸೆಕೆಂಡ್ ಹಿಂದಿದ್ರೆ ಒಂದೇ ಮಾತು ಎರಡೆರಡು ಸಲ ಕಿವಿಗೆ ಬೀಳತ್ತೆ. ಹತ್ತು ಮನೇಲಿ ಹೀಗಾದ್ರೆ ಸಂತೆ.

ಈಗ ಕಟ್ಟೆಪುರಾಣದ ಲೆಕ್ಕ. ಆಪಸ್ ಅನ್ನೋ ಕೋಡೆಕ್, ಅಂದ್ರೆ ಧ್ವನಿಯನ್ನ ಹಿಂಡಿ ಚಿಕ್ಕ ಫೈಲ್ ಮಾಡೋ ವಿಧಾನ, 2012ರಿಂದ ಇದೆ, ಉಚಿತ. ಸೆಕೆಂಡಿಗೆ 16 ಕಿಲೋಬಿಟ್‌ನಲ್ಲಿ ಮಾತು ಚೆನ್ನಾಗೇ ಕೇಳತ್ತೆ. ಅಂದ್ರೆ ಸೆಕೆಂಡಿಗೆ 2 ಕಿಲೋಬೈಟ್, ಅರ್ಧ ಗಂಟೆಗೆ 3.6 ಎಂಬಿ. ಬ್ಲೂಟೂತಲ್ಲಿ ಸೆಕೆಂಡಿಗೆ 100 ಕಿಲೋಬೈಟ್ ಸಿಕ್ಕರೂ 36 ಸೆಕೆಂಡ್. ವೈಫೈ ಡೈರೆಕ್ಟಲ್ಲಿ, ಅಂದ್ರೆ ನಡುವೆ ರೌಟರ್ ಇಲ್ಲದೆ ಫೋನಿಂದ ಫೋನಿಗೆ ಹೋಗೋ ವೈಫೈನಲ್ಲಿ, ಕೈಕುಲುಕೋ ಹೊತ್ತು. ಆಂಡ್ರಾಯ್ಡ್ 4.0ರಿಂದಲೇ, ಅಂದ್ರೆ 2011ರಿಂದ, ಅದು ಇದೆ, ರೂಟ್ ಬೇಡ.

ಮೂರು ಕಿಲೋಮೀಟರ್ ನಡೆಯೋಕೆ 36 ನಿಮಿಷ ಅಂತಿಟ್ಕೊಳ್ಳಿ. ಜೇಬಲ್ಲಿ 3.6 ಎಂಬಿ ಇಟ್ಕೊಂಡು ನಡೆದವನ ವೇಗ ಲೆಕ್ಕ ಹಾಕಿದೆ: ಸೆಕೆಂಡಿಗೆ 13 ಕಿಲೋಬಿಟ್ ಚಿಲ್ಲರೆ. ನೇರಪ್ರಸಾರಕ್ಕೆ ಬೇಕಾದ 16ಕ್ಕೆ ಹತ್ತಿರ ಹತ್ತಿರ! ಹತ್ತು ಕಂತು ಒಟ್ಟಿಗೆ ಒಯ್ದ್ರೆ ನಿಮ್ಮ ಮೆಶ್ ಅವನ ಹಿಂದೆ ಓಡಬೇಕು. ಮೆಶ್ ದಾರಿ ಮಧ್ಯ ಒಂದು ಫೋನ್ ಆಫ್ ಆದ್ರೆ ಎಲ್ಲ ನಿಂತು ಹೋಗತ್ತೆ, ಇವನು ದಾರೀಲಿ ಯಾರ ಜೊತೆಗೋ ಹರಟೆ ಹೊಡೆದ್ರೂ ಫೈಲ್ ಜೇಬಲ್ಲೇ ಇರತ್ತೆ.

ಹಳೇ ಟ್ರಾನ್ಸಿಸ್ಟರ್ · ಸೋಮವಾರ ಸಂಜೆ 5:30

ಇದಕ್ಕೊಂದು ಹಳೆಯ ಉದಾಹರಣೆ ನೆನಪಾಯಿತು. ಡಾಕ್‌ನೆಟ್. ಈ ಶತಮಾನದ ಮೊದಲ ವರ್ಷಗಳಲ್ಲಿ ಎಂಐಟಿಯವರು ದೊಡ್ಡಬಳ್ಳಾಪುರದ ಕಡೆ ಬಸ್ಸಿಗೆ ವೈಫೈ ಕಟ್ಟಿದರು. ‘ಭೂಮಿ’ ಯೋಜನೆಯ ಪಹಣಿ ಅರ್ಜಿಗಳು ಹಳ್ಳಿಯ ಕಿಯಾಸ್ಕಿನಿಂದ ಬಸ್ಸಿಗೆ, ಬಸ್ಸಿನಿಂದ ತಾಲ್ಲೂಕು ಕೇಂದ್ರಕ್ಕೆ. ಬಸ್ಸು ನಿಂತ ಒಂದೆರಡು ನಿಮಿಷದಲ್ಲಿ ಎಲ್ಲ ವಿನಿಮಯ ಮುಗಿಯುತ್ತಿತ್ತು. ಹೆಸರಿನಲ್ಲೇ ಡಾಕ್, ಅಂದರೆ ಅಂಚೆ. ತಂತಿಯಿಲ್ಲದ ಊರಿಗೆ ಓಲೆಕಾರ ಹೋಗುತ್ತಿದ್ದ ಹಾಗೆಯೇ.

ಬೇಲಿಯಾಚೆ · ಸೋಮವಾರ ರಾತ್ರಿ 9:15

ಇಬ್ಬರ ಮಾತೂ ತಲೆಗೆ ಹೋಯ್ತು, ಎದೆಗೆ ಇನ್ನೂ ಇಳಿದಿಲ್ಲ.

ಯಾಕೆ ನೇರಪ್ರಸಾರ ಅಂತ ಹಟ ಹಿಡಿದೆ ಹೇಳ್ತೀನಿ. ಕಳೆದ ಮಳೆಗಾಲದಲ್ಲಿ ಮೇಲಿನೂರಲ್ಲಿ ಹಳ್ಳ ಏರಿದ್ದು ನಮಗೆ ಸಂಜೆಯೇ ಗೊತ್ತಿತ್ತು. ಕೆಳಗಿನೂರಿಗೆ ಹೇಳೋಕೆ ಹುಡುಗನ್ನ ಓಡಿಸಿದ್ವಿ, ಅವನು ಹೋಗೋ ಹೊತ್ತಿಗೆ ದಾಟು ಮುಳುಗಿತ್ತು. ಜೀವಹಾನಿ ಆಗಲಿಲ್ಲ. ಎರಡು ಹಸು ಹೋದ್ವು. ನಡ್ಕೊಂಡು ಹೋಗೋ ರೇಡಿಯೋ ಅವತ್ತು ಏನು ಮಾಡ್ತಿತ್ತು?

ತಂತಿಕಂಬ · ಸೋಮವಾರ ರಾತ್ರಿ 9:58

ಇದನ್ನ ಮೊದಲೇ ಹೇಳಬೇಕಿತ್ತು ಸರ್. ಅದು ಬೇರೆಯೇ ಸಮಸ್ಯೆ, ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿದ್ರಿಂದ ಇಷ್ಟು ಗೋಜಲು.

‘ಹಳ್ಳ ಏರಿದೆ’ ಅನ್ನೋಕೆ ಅರ್ಧ ಗಂಟೆ ಧ್ವನಿ ಬೇಡ, ಒಂದು ಅಂಕಿ ಸಾಕು. ಲೋರಾ ಅನ್ನೋ ರೇಡಿಯೋ ಚಿಪ್ ಇದೆ. ಸೆಕೆಂಡಿಗೆ ಕೆಲವು ನೂರು ಬಿಟ್‌ನಿಂದ ಕೆಲವು ಸಾವಿರ ಬಿಟ್ ಅಷ್ಟೇ, ಆಡಿಯೋಗೆ ಪ್ರಯೋಜನವಿಲ್ಲ, ಆದರೆ ಎತ್ತರದಲ್ಲಿ ಇಟ್ರೆ ಕಿಲೋಮೀಟರ್‌ಗಟ್ಟಲೆ ಹೋಗತ್ತೆ. ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್ ಅದಕ್ಕೆ ಪರವಾನಗಿ ಇಲ್ಲದೆ ಬಿಟ್ಟಿರೋ ಪಟ್ಟಿ.

ಈಗ ಉಪಾಯ ಕೇಳಿ. ನಿಮ್ಮೂರಲ್ಲಿ ಎಲ್ಲರೂ ಗುರುತಿಸೋ ದನಿ ಯಾರದೋ ಇದ್ದೇ ಇರತ್ತೆ. ಅವರ ಕೈಲಿ ಎಂಟು ಹತ್ತು ಮಾತು ಮೊದಲೇ ಹೇಳಿಸಿ. 1: ಹಳ್ಳ ಏರಿದೆ, ದಾಟಬೇಡಿ. 2: ಕಾಡಿಗೆ ಬೆಂಕಿ ಬಿದ್ದಿದೆ. 3: ವೈದ್ಯರು ಬಂದಿದ್ದಾರೆ. ಹೀಗೆ. ಆ ತುಣುಕುಗಳು ಊರೂರಿನ ಸ್ಪೀಕರ್ ಪಕ್ಕದ ಹಳೇ ಫೋನಲ್ಲಿ ಮೊದಲೇ ಕೂತಿರಲಿ. ಲೋರಾದಲ್ಲಿ ಹೋಗೋದು ‘1’ ಅನ್ನೋ ಅಂಕಿ. ಅಲ್ಲಿ ಕೇಳೋದು ಪರಿಚಯದ ದನಿ. ಧ್ವನಿ ನಡ್ಕೊಂಡೇ ಹೋಗಿರತ್ತೆ, ತುರ್ತಿಗೆ ಬರೋದು ಸನ್ನೆ ಮಾತ್ರ.

ಅಂಗಳದಕ್ಕ · ಸೋಮವಾರ ರಾತ್ರಿ 11:05

ನಾನೂ ಒಂದೀಟು ಮಾತಾಡ್ಲೇನ್ರಿ?

ನೀವೆಲ್ಲಾ ಫೋನು ಫೋನು ಅಂತೀರಿ. ಆ ಫೋನು ಯಾರ ಕೈಯಾಗ ಐತಿ ಅಂತ ಯಾರರೆ ಕೇಳೀರೇನು? ‘ಮನಿಗೊಂದು ಫೋನು’ ಅಂದ್ರ ಗಂಡಸರ ಕಿಸೇದಾಗ ಒಂದು ಫೋನು. ಮುಂಜಾನೆ ಅವರ ಜೋಡಿ ಹೊಲಕ್ಕ ಹೋಗ್ತೈತಿ, ರಾತ್ರಿ ಬರ್ತೈತಿ. ಮನ್ಯಾಗ ಉಳಿಯೋದು ಏನಿದ್ರೂ ಬಟನ್ ಫೋನು. ನಿಮ್ಮ ಆಪಸ್ಸು ಗೀಪಸ್ಸು ಅದರಾಗ ಹಾಡಂಗಿಲ್ರಿ. ನಾನು ಹಾಕಿ ನೋಡೀನಿ, ‘ಫೈಲ್ ನಡಿಯಂಗಿಲ್ಲ’ ಅಂತೈತಿ. ಎಂಪಿ3 ನಡೀತೈತಿ, ಎಎಂಆರ್ ನಡೀತೈತಿ.

ಇನ್ನೊಂದು. ನಡಕೊಂಡು ಒಯ್ಯಾವ ಯಾರೋ ಅವನೇ ಯಜಮಾನ ಆಗ್ತಾನ. ಯಾರ ಮನಿಗೆ ಮೊದಲು ಕೊಡಬೇಕು, ಯಾರಿಗೆ ‘ಮರ್ತೆ’ ಅನ್ಬೇಕು, ಎಲ್ಲಾ ಅವನ ಕೈಯಾಗ. ರೇಡಿಯೋದ ಅಲೆ ಯಾರ ಮಾರೀನೂ ನೋಡಂಗಿಲ್ಲ. ಅದರ ಬಗ್ಗೆ ಏನು ಮಾಡ್ತೀರಿ, ಅದನ್ನ ಹೇಳ್ರಿ ಮೊದಲು.

ಎಣಿಕೆಗಾರ · ಮಂಗಳವಾರ ಬೆಳಗ್ಗೆ 7:20

ಅಕ್ಕಾ, ಮೊದಲ ಮಾತಿಗೆ ಸೋತೆ. ತಪ್ಪು ನಂದೇ, ನನ್ನ ಮೇಜಿನ ಮೇಲಿರೋ ಫೋನಿಗೆ ಲೆಕ್ಕ ಹಾಕಿದೆ.

ಎಎಂಆರ್‌ನಲ್ಲಿ ಅರ್ಧ ಗಂಟೆ ಮೂರು ಎಂಬಿಗೆ ಸ್ವಲ್ಪ ಕಡಿಮೆ. ಆದರೆ ಅದು ಫೋನ್ ಕರೆಗೆ ಅಂತಲೇ ಮಾಡಿದ ಕೋಡೆಕ್. ಮನುಷ್ಯರ ಮಾತು ಗೊತ್ತು, ತಂಬೂರಿ ಗೊತ್ತಿಲ್ಲ. ಹಾಡು ಹಾಕಿದ್ರೆ ಕೊಳವೆ ಬಾವಿಯೊಳಗಿಂದ ಬಂದ ಹಾಗಿರತ್ತೆ. ಎಂಪಿ3 32 ಕಿಲೋಬಿಟ್, ಮೊನೊ ಮಾಡಿದ್ರೆ 7.2 ಎಂಬಿ. ಬ್ಲೂಟೂತಲ್ಲಿ ಒಂದೂಕಾಲು ನಿಮಿಷ. ನನ್ನ ಸಲಹೆ: ಬಟನ್ ಫೋನಿಗೆ ಎಂಪಿ3, ಎರಡು ಮೂರು ತುಂಡು ಮಾಡಿ. ಅರ್ಧಕ್ಕೆ ಕಡಿದುಹೋದ್ರೆ ಬ್ಲೂಟೂತ್ ಮೊದಲಿಂದ ಶುರು ಮಾಡತ್ತೆ, ಉಳಿದದ್ದನ್ನ ಮಾತ್ರ ಕಳಿಸೋ ಬುದ್ಧಿ ಅದಕ್ಕಿಲ್ಲ.

ಹಳೇ ಟ್ರಾನ್ಸಿಸ್ಟರ್ · ಮಂಗಳವಾರ ಬೆಳಗ್ಗೆ 8:40

ಅಂಗಳದಕ್ಕನವರ ಎರಡನೆಯ ಮಾತಿಗೆ ತಂತ್ರಜ್ಞಾನದಲ್ಲಿ ಪೂರ್ತಿ ಉತ್ತರವಿಲ್ಲ ಎಂದು ನನ್ನ ಅಭಿಪ್ರಾಯ. ಅರ್ಧ ಉತ್ತರವಿದೆ: ಒಯ್ಯುವವರು ಒಬ್ಬರಾಗದಿರಲಿ. ಅಂಚೆಯವರು, ಶಾಲೆಗೆ ಹೋಗುವ ಹುಡುಗಿಯರು, ಹಾಲು ಒಯ್ಯುವವರು, ಆರೋಗ್ಯ ಕಾರ್ಯಕರ್ತೆ, ಬಸ್ಸಿನ ಕಂಡಕ್ಟರು, ಇವರೆಲ್ಲರ ಬಳಿಯೂ ಅದೇ ಕಂತು ಇರಲಿ. ಒಬ್ಬ ಮರೆತರೆ ಇನ್ನೊಬ್ಬರಿಂದ ತಲುಪುತ್ತದೆ. ಸರ್ವಲ್‌ನಲ್ಲಿ ರೈಜೋಮ್ ಎಂಬ ಭಾಗ ಮಾಡುತ್ತಿದ್ದದ್ದೂ ಇದನ್ನೇ. ಎರಡು ಫೋನು ಹತ್ತಿರ ಬಂದಾಗ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದನ್ನು ತಾವೇ ಹಂಚಿಕೊಳ್ಳುವುದು, ಯಾರನ್ನೂ ಕೇಳದೆ. ಗಾಳಿಮಾತು ಹರಡುವ ರೀತಿ. ಗಾಳಿಮಾತನ್ನು ಯಾವ ಯಜಮಾನನೂ ತಡೆದದ್ದಿಲ್ಲವಲ್ಲ.

ಅಂಗಳದಕ್ಕ · ಮಂಗಳವಾರ ಮಧ್ಯಾಹ್ನ 2:30

ಗಾಳಿಮಾತು ಅಂದ್ರೆಲ್ಲ ಹಿರಿಯರ, ಅದಕ್ಕ ಮತ್ತೊಂದು ಕೇಳ್ತೀನಿ. ನಮ್ಮ ಕಡೆ ಒಬ್ಬಾಕಿ ಕುಡಿತದ ಬಗ್ಗೆ ಮನಸು ಬಿಚ್ಚಿ ಮಾತಾಡಿದ್ಲು, ರೆಕಾರ್ಡ್ ಮಾಡಿದ್ವಿ. ಮೂರು ದಿನದ ಮ್ಯಾಲ ‘ಅಕ್ಕಾ, ತಗದುಬಿಡ್ರಿ, ಮನ್ಯಾಗ ಜಗಳ ಆಗೇತಿ’ ಅಂದ್ಲು. ಎಲ್ಲಿಂದ ತಗೀಲಿ? ಹನ್ನೊಂದು ಫೋನಿಗೆ ಹೋಗಿತ್ತು. ಒಂದೊಂದು ಮನಿಗೆ ಹೋಗಿ ಕೈಮುಗದು ಅಳಿಸಿಸಿದೆ. ಹನ್ನೆರಡನೇದು ಎಲ್ಲರೆ ಐತೇನೋ ಅನ್ನೋ ಅಳುಕು ಇವತ್ತಿಗೂ ಹೋಗಿಲ್ಲ. ರೇಡಿಯೋದಾಗ ಹೇಳಿದ್ದು ಗಾಳ್ಯಾಗ ಹೋಗ್ತಿತ್ತು. ಇದು ಉಳೀತೈತಿ.

(ಮೂರು ತಾಸು ಈ ಎಳೆಯಲ್ಲಿ ಯಾರೂ ಬರೆದಿಲ್ಲ)

ತಂತಿಕಂಬ · ಮಂಗಳವಾರ ಸಂಜೆ 5:45

ಅಕ್ಕ, ನಿಮ್ಮದಕ್ಕೆ ನನ್ನ ಹತ್ತಿರ ಇರೋದು ಇಷ್ಟೇ. ಆ್ಯಪ್ ಮೂಲಕ ಹೋಗೋ ಕಂತಿಗೆ ಹತ್ತು ದಿನದ ಗಡುವು ಹಾಕಬಹುದು, ಆಮೇಲೆ ತಾನೇ ಅಳಿಯತ್ತೆ. ‘ಇಂಥ ಕಂತು ವಾಪಸ್’ ಅನ್ನೋ ಚೀಟಿಯನ್ನೂ ಅದೇ ದಾರೀಲಿ ಕಳಿಸಬಹುದು, ಅದು ಮುಟ್ಟಿದ ಫೋನಲ್ಲೆಲ್ಲ ಕಂತು ಹೋಗತ್ತೆ. ಬಟನ್ ಫೋನಿಗೆ ಹೋದ ಎಂಪಿ3ಗೆ ಈ ಎರಡೂ ಅನ್ವಯಿಸಲ್ಲ. ಹಾಗಾಗಿ ಎದೆಯೊಳಗಿನ ಮಾತನ್ನ ಕೂಟದಲ್ಲಿ ಸ್ಪೀಕರಲ್ಲಿ ಮಾತ್ರ ಕೇಳಿಸಿ, ದಾಟಿಸೋಕೆ ಕೊಡಬೇಡಿ. ಹೇಳಿದವರು ತಮ್ಮ ದನಿ ತಾವೇ ಒಮ್ಮೆ ಕೇಳಿ ‘ಹೂಂ’ ಅನ್ನೋ ತನಕ ಯಾವುದನ್ನೂ ಹೊರಗೆ ಬಿಡಬೇಡಿ.

ಬೇಲಿಯಾಚೆ · ಮಂಗಳವಾರ ರಾತ್ರಿ 10:10

ಸರಿ. ಹಟ ಬಿಟ್ಟೆ. ಮೂರು ಊರಲ್ಲಿ ಪ್ರಯೋಗ ಮಾಡಿ ಬಂದು ಹೇಳ್ತೀನಿ. ನನ್ನ ಅಳಿಯ ಅಲ್ಪಸ್ವಲ್ಪ ಆ್ಯಪ್ ಬರೀತಾನೆ.

ಕಟ್ಟೆಪುರಾಣ · ಮಂಗಳವಾರ ರಾತ್ರಿ 10:12

ಮೊದಲೇ ಹೇಳಿದ್ದೆ ಅಂತ ಹೇಳೋಕೆ ನಂಗೆ ಒಂಚೂರೂ ಇಷ್ಟ ಇಲ್ಲ.

ಬೇಲಿಯಾಚೆ · ನಾಲ್ಕು ವಾರದ ನಂತರ, ಭಾನುವಾರ ಮಧ್ಯಾಹ್ನ 3:20

ಬಂದೆ. ಹೇಳೋದು ತುಂಬ ಇದೆ, ಒಂದೇ ಉಸಿರಿಗೆ ಬರೀತಿದ್ದೀನಿ.

ಮೊದಲ ವಾರ ಪೂರ್ತಿ ನಾಚಿಕೆಗೇಡು. ಹದಿನಾಲ್ಕು ಫೋನಿಗೆ ಆ್ಯಪ್ ಹಾಕಿದ್ವಿ, ಹತ್ತಿರ ಬಂದ್ರೆ ತಾನೇ ಕಂತು ಬದಲಾಯಿಸ್ಕೊಳತ್ತೆ ಅಂತ ಎಲ್ಲರಿಗೂ ಹೇಳಿದ್ವಿ. ಒಂದೂ ಬದಲಾಗಲಿಲ್ಲ. ಕಾರಣ ಹುಡುಕಿದ್ರೆ, ಬ್ಯಾಟರಿ ಉಳಿಸೋ ಹೆಸರಲ್ಲಿ ಫೋನೇ ನಮ್ಮ ಆ್ಯಪ್ಪಿನ ಕತ್ತು ಹಿಸುಕ್ತಿತ್ತು. ಪರದೆ ಆರಿ ಹತ್ತು ನಿಮಿಷಕ್ಕೆ ಆ್ಯಪ್ ಸತ್ತಿರ್ತಿತ್ತು. ಸೆಟ್ಟಿಂಗ್ಸ್‌ಗೆ ಹೋಗಿ ಒಂದೊಂದು ಫೋನಲ್ಲೂ ಅದನ್ನ ಬದಲಾಯಿಸಬೇಕು, ಒಂದೊಂದು ಕಂಪನಿಯದು ಒಂದೊಂದು ಕಡೆ. ಅದಾದ ಮೇಲೆ ಫೋನು ‘ಲೊಕೇಶನ್ ಆನ್ ಮಾಡಿ’ ಅಂತು. ಸ್ವಲ್ಪ ಹಳೇ ಆಂಡ್ರಾಯ್ಡಲ್ಲಿ ಅಕ್ಕಪಕ್ಕದ ಫೋನ್ ಹುಡುಕೋಕೆ ಅದು ಬೇಕಂತೆ. ಜನ ಸುಮ್ಮನೆ ಬಿಡ್ತಾರಾ? ‘ನಾನು ಎಲ್ಲಿ ಓಡಾಡ್ತೀನಿ ಅಂತ ನಿನಗ್ಯಾಕಪ್ಪ?’ ಅಂದ್ರು ಒಬ್ಬರು. ನ್ಯಾಯವಾದ ಪ್ರಶ್ನೆ.

ಹಾಟ್‌ಸ್ಪಾಟಿಗೆ ಸೇರಿದವರಿಗೆ ಇನ್ನೊಂದು ಕಾಟ. ‘ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ’ ಅಂತ ಫೋನು ತಾನೇ ಕೈಬಿಟ್ಟು ಹೋಗ್ತಿತ್ತು. ಇಂಟರ್ನೆಟ್ ಇಲ್ಲ ಅಂತಲೇ ಅಲ್ವೇನಪ್ಪ ನಾವಿಲ್ಲಿ ಕೂತಿರೋದು!

ಎರಡನೇ ವಾರ ಮಜಾ ಆಯ್ತು, ಅಂದ್ರೆ ಈಗ ಮಜಾ ಅನ್ಸತ್ತೆ. ಎಲ್ಲರ ಫೋನಲ್ಲೂ ಕಂತುಗಳು ಇದ್ದಕ್ಕಿದ್ದಂತೆ ಅಳಿಸಿಹೋದ್ವು. ಎರಡು ದಿನ ತಲೆ ಕೆಡಿಸಿಕೊಂಡ್ವಿ. ಸಿಗ್ನಲ್ ಇಲ್ಲದ ಫೋನಿಗೆ ತಾರೀಖು ಹೇಳೋರು ಯಾರು? ಒಬ್ಬರ ಫೋನಲ್ಲಿ ಮುಂದಿನ ವರ್ಷ ನಡೀತಿತ್ತು. ಅವರು ರೆಕಾರ್ಡ್ ಮಾಡಿದ ಕರು ಕಳೆದ ಸುದ್ದಿ ಮುಂದಿನ ವರ್ಷದ ಮೊಹರು ಹೊತ್ತು ಬಂತು. ನಮ್ಮ ಆ್ಯಪ್ ‘ಅತಿ ಹೊಸ ಕಂತಿಗಿಂತ ಹತ್ತು ದಿನ ಹಳೇದೆಲ್ಲ ಕಸ’ ಅಂತ ಲೆಕ್ಕ ಹಾಕಿ ಉಳಿದಿದ್ದೆಲ್ಲ ಗುಡಿಸಿ ಹಾಕ್ತು. ಬ್ಯಾಟರಿ ತೆಗೆದು ಹಾಕಿದ ಇನ್ನೊಂದು ಫೋನು ಹತ್ತು ವರ್ಷ ಹಿಂದಿತ್ತು, ಅದರ ಕಂತು ಹುಟ್ಟೋ ಮೊದಲೇ ಮುದಿಯಾಗಿ ಎಲ್ಲೂ ಸೇರಲೇ ಇಲ್ಲ. ಈಗ ತಾರೀಖನ್ನ ನಂಬೋದು ಬಿಟ್ಟಿದ್ದೀವಿ. ಪ್ರತಿ ಊರಿಗೂ ಅದರದ್ದೇ ಕ್ರಮಸಂಖ್ಯೆ: ಮೇಲಿನೂರು 7, ಕೆಳಗಿನೂರು 4. ಆ ಊರಿನ ಹೊಸ ನಾಲ್ಕು ಕಂತು ಉಳಿಯತ್ತೆ, ಐದನೇದು ಬಂದ್ರೆ ಮೊದಲನೇದು ಹೋಗತ್ತೆ. ಗಡಿಯಾರ ಬೇಕಾಗೇ ಇಲ್ಲ.

ಮೂರನೇ ವಾರ ಒಂದು ಬದಲಾವಣೆ ಮಾಡಿದ್ವಿ, ಅಲ್ಲಿಂದ ಎಲ್ಲ ಸಲೀಸಾಯ್ತು. ಎಲ್ಲರ ಫೋನಲ್ಲೂ ಆ್ಯಪ್ ಅನ್ನೋ ಆಸೆ ಬಿಟ್ಟು, ಊರಿಗೊಂದು ಹಳೇ ಫೋನನ್ನ ಜನ ಸೇರೋ ಕಡೆ ಕೂರಿಸಿದ್ವಿ. ಅದೇ ಊರಿನ ‘ಕಟ್ಟೆ’. ಅದರ ಪಕ್ಕ ಸ್ಪೀಕರ್. ಓಡಾಡೋ ಐದಾರು ಜನರ ಫೋನು ಅದರ ಹತ್ತಿರ ಹೋದ್ರೆ ಕೊಡೋದು ಕೊಟ್ಟು, ತಗೊಳ್ಳೋದು ತಗೊಳತ್ತೆ. ಉಳಿದೋರಿಗೆ ಆ್ಯಪ್ ಬೇಡ, ಬ್ಲೂಟೂತಲ್ಲಿ ಎಂಪಿ3 ಇಸ್ಕೊಂಡು ಹೋಗ್ತಾರೆ. ಸೋಮವಾರ ಬೆಳಗ್ಗೆ ಮಾಡಿದ ಕಂತು ಮಂಗಳವಾರ ಸಂಜೆಯೊಳಗೆ ಮೂರೂ ಊರಲ್ಲಿ ಇರತ್ತೆ. ನೇರಪ್ರಸಾರ ಅಲ್ಲ. ಆದರೆ ಯಾರೂ ಇಲ್ಲಿ ತನಕ ‘ನೇರ ಯಾಕಿಲ್ಲ’ ಅಂತ ಕೇಳಿಲ್ಲ. ‘ನಮ್ಮೂರಿನದು ಯಾವಾಗ ಬರತ್ತೆ’ ಅಂತ ಕೇಳ್ತಾರೆ.

ತೊಂದರೆ ಒಂದೇ: ದಿನವಿಡೀ ಚಾರ್ಜಿಗೆ ಹಾಕಿಟ್ಟು ಒಂದು ಹಳೇ ಫೋನಿನ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದಿದೆ.

ತಂತಿಕಂಬ · ಭಾನುವಾರ ಮಧ್ಯಾಹ್ನ 3:41

ಆ ಫೋನನ್ನ ಈಗಲೇ ಚಾರ್ಜಿಂದ ತೆಗೀರಿ. ಒತ್ತಬೇಡಿ, ಚುಚ್ಚಬೇಡಿ, ಜನ ಕೂರೋ ಜಾಗದಿಂದ ದೂರ ಇಡಿ. ಉಬ್ಬಿದ ಬ್ಯಾಟರಿ ಜೊತೆ ತಮಾಷೆ ಬೇಡ. ಮುಂದಕ್ಕೆ ದಿನಕ್ಕೆ ಎರಡು ತಾಸು ಮಾತ್ರ ಚಾರ್ಜ್ ಆಗೋ ಹಾಗೆ ಟೈಮರ್ ಹಾಕಿ. ಉಳಿದದ್ದು ಆಮೇಲೆ ಮಾತಾಡೋಣ.

ಎಣಿಕೆಗಾರ · ಭಾನುವಾರ ಸಂಜೆ 6:00

ಕ್ರಮಸಂಖ್ಯೆ ಉಪಾಯ ಸೊಗಸಾಗಿದೆ, ಕೈಚಪ್ಪಾಳೆ. ಒಂದು ಸೇರಿಸಿ: ಸಹಿ. ನಾಳೆ ಯಾರೋ ‘ಕೆಳಗಿನೂರು 5’ ಅಂತ ತಾನೇ ರೆಕಾರ್ಡ್ ಮಾಡಿ ನೀರು ಬಿಡೋ ದಿನ ತಪ್ಪು ಹೇಳಿದ್ರೆ? ಪ್ರತಿ ಊರಿನ ಕಟ್ಟೆ ಫೋನಿಗೆ ಒಂದು ಗುಟ್ಟಿನ ಕೀಲಿ, ಕಂತಿಗೆ ಅದರ ಸಹಿ. ಇಡಿ25519 ಅನ್ನೋ ಡಿಜಿಟಲ್ ಸಹಿ ಅಂದ್ರೆ ಬರೀ 64 ಬೈಟ್, ಮೂರೂವರೆ ಎಂಬಿ ಮುಂದೆ ಸಾಸಿವೆ ಕಾಳು.

ಅಂಗಳದಕ್ಕ · ಭಾನುವಾರ ರಾತ್ರಿ 8:15

ಸಹಿ ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಬಟನ್ ಫೋನಿಗೆ ಹೋದ ಮ್ಯಾಲ ಸಹಿ ನೋಡಾವರು ಯಾರು? ಅಲ್ಲಿ ದನೀನ ಸಹಿ. ನಮ್ಮಲ್ಲಿ ನೀರಿನ ಸುದ್ದಿ ಯಾವಾಗ್ಲೂ ಒಬ್ಬಾಕಿನ ಓದ್ತಾಳ. ಆಕಿ ದನಿ ಅಲ್ಲ ಅಂದ್ರ ಯಾರೂ ನಂಬಂಗಿಲ್ಲ. ಒಮ್ಮೆ ಆಕಿಗೆ ನೆಗಡಿ ಆಗಿ ದನಿ ಕುಂತಿತ್ತು. ಆ ವಾರ ನಾಕು ಮಂದಿ ಮನೀಗೇ ಬಂದು ಖಾತ್ರಿ ಮಾಡ್ಕೊಂಡು ಹೋದ್ರು.

ಕಟ್ಟೆಪುರಾಣ · ಭಾನುವಾರ ರಾತ್ರಿ 8:20

ನೆಗಡಿ ಬಂದ್ರೆ ಸರ್ವರ್ ಡೌನ್ 😂

ಹಳೇ ಟ್ರಾನ್ಸಿಸ್ಟರ್ · ಭಾನುವಾರ ರಾತ್ರಿ 9:05

ಒಂದು ಎಚ್ಚರಿಕೆ. ಯಾರಾದರೂ ‘ಕಟ್ಟೆ ಫೋನಿಗೆ ಸಣ್ಣ ಎಫ್‌ಎಂ ಪ್ರೇಷಕ ಸಿಕ್ಕಿಸಿದರೆ ಇಡೀ ಊರಿಗೆ ಕೇಳುತ್ತದೆ’ ಎಂದು ಸಲಹೆ ಕೊಟ್ಟಾರು. ಆ ಆಸೆಗೆ ಬೀಳಬೇಡಿ. ವೈಫೈ, ಬ್ಲೂಟೂತ್ ಓಡುವ 2.4 ಗಿಗಾಹರ್ಟ್ಸ್ ಪಟ್ಟಿಗೆ ಪರವಾನಗಿ ಬೇಡ, ಎಫ್‌ಎಂ ಪಟ್ಟಿ ಹಾಗಲ್ಲ. ಪರವಾನಗಿ ಇಲ್ಲದೆ ಊರಿಗೆಲ್ಲ ಎಫ್‌ಎಂ ಬಿತ್ತರಿಸಿದರೆ ಸಿಕ್ಕಿಬೀಳುವವರು ನೀವಲ್ಲ, ಅದನ್ನು ಮನೆಯಲ್ಲಿ ಇಟ್ಟುಕೊಂಡ ಪಾಪದವರು.

ಬೇಲಿಯಾಚೆ · ಭಾನುವಾರ ರಾತ್ರಿ 10:30

ಎಫ್‌ಎಂ ಸಲಹೆ ಈಗಾಗಲೇ ಬಂದಿತ್ತು, ಅಳಿಯನೇ ಕೊಟ್ಟಿದ್ದ. ಬೇಡ ಅಂದಿದ್ದೀನಿ. ಉಬ್ಬಿದ ಫೋನು ಹಿತ್ತಲಲ್ಲಿ ಮಣ್ಣಿನ ಮಡಕೆಯೊಳಗಿದೆ.

ಲೋರಾ ಪೆಟ್ಟಿಗೆ ಎರಡು ಬಂದಿವೆ. ಎಚ್ಚರಿಕೆ ಮಾತು ಯಾರ ದನೀಲಿ ಅಂತ ಊರಲ್ಲಿ ಚರ್ಚೆ ನಡೀತಿದೆ. ಗಂಡಸರೆಲ್ಲ ತಮ್ಮದೇ ಅಂದ್ರು. ನಮ್ಮೂರಲ್ಲಿ ಎಂಬತ್ತು ದಾಟಿದ ಅಜ್ಜಿ ಒಬ್ಬರಿದ್ದಾರೆ, ಹಳ್ಳದಾಚೆ ಮೇಯೋ ದನ ಅವರು ಇಲ್ಲಿಂದ ಕೂಗಿದ್ರೆ ತಿರುಗಿ ನೋಡತ್ತೆ. ಅವರ ಕೈಲಿ ನಿನ್ನೆ ಒಂದನೇ ಅಂಕಿಯ ಮಾತು ಹೇಳಿಸಿದ್ವಿ. ಬರೆದುಕೊಟ್ಟಿದ್ದು ‘ಹಳ್ಳ ಏರಿದೆ, ದಾಟಬೇಡಿ’ ಅಂತ. ಅವರು ಹೇಳಿದ್ದು, ‘ಲೋ, ಹಳ್ಳ ಬಂದೈತೆ, ಈ ಕಡೆ ಬಂದೀರಾ ಮತ್ತೆ, ಕಾಲು ಮುರೀತೀನಿ.’

ಅದನ್ನೇ ಇಟ್ಕೊಂಡಿದ್ದೀವಿ. ಎರಡನೇದು ನಾಳೆ.